ಎರಡು ಲೆಕ್ಕದ ಜಾತ್ರೆ

ಬೀದರ ಪಟ್ಟಣದಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್ ಹೋದರೆ ಅಷ್ಟೂರು. ಅಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದರ ಮುಂದೆ ಪ್ರತಿ ವರ್ಷ ಜಾತ್ರೆ ಸೇರುತ್ತದೆ. 1422ರಿಂದ 1436ರವರೆಗೆ ಆಳಿದ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಶಾಹನ ಗೋರಿ ಅದು. ಮುಸ್ಲಿಮರು ಅವನನ್ನು ವಲಿ ಎನ್ನುತ್ತಾರೆ. ನಮ್ಮ ಕಡೆಯ ಲಿಂಗಾಯತ ಭಕ್ತರು ಅಲ್ಲಮಪ್ರಭು ಎನ್ನುತ್ತಾರೆ. ಅಲ್ಲಮ ಹನ್ನೆರಡನೆಯ ಶತಮಾನದವನು, ಸುಲ್ತಾನ ಹದಿನೈದನೆಯ ಶತಮಾನದವನು. ನಡುವಿನ ಮುನ್ನೂರು ವರ್ಷಗಳು ಜಾತ್ರೆಗೆ ಬಂದವರಿಗೆ ತೊಡಕಾದದ್ದನ್ನು ನಾನು ಕಂಡಿಲ್ಲ.

ಈ ಜಾತ್ರೆಯ ವಿಶೇಷ ಇರುವುದು ಅದರ ತಿಥಿಯಲ್ಲಿ. ಸಾಮಾನ್ಯವಾಗಿ ಉರುಸುಗಳು ಹಿಜರಿ ತಿಂಗಳ ಪ್ರಕಾರ ನಡೆಯುತ್ತವೆ. ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಹಾಗಾಗಿ ಅವು ಒಮ್ಮೆ ಮಳೆಗಾಲಕ್ಕೆ, ಒಮ್ಮೆ ಚಳಿಗಾಲಕ್ಕೆ ಸರಿಯುತ್ತ ಹೋಗುತ್ತವೆ. ಅಷ್ಟೂರಿನ ಉರುಸು ಮಾತ್ರ ಪಂಚಾಂಗದ ಲೆಕ್ಕದಲ್ಲಿ, ಹೋಳಿ ಹುಣ್ಣಿಮೆ ಮುಗಿದ ಬೆನ್ನಿಗೆ ಬರುತ್ತದೆ. ಜೋಳದ ರಾಶಿ ಮುಗಿದು, ಕಡಲೆ ಮಾರಿ, ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು ಅದು. ಅಹ್ಮದ್ ಶಾಹನಿಗೆ ವಲಿ ಎಂಬ ಹೆಸರು ಬಂದದ್ದೂ ಒಂದು ಬರಗಾಲದಲ್ಲಿ ಎಂದು ಫೆರಿಸ್ತಾ ಬರೆದಿದ್ದಾನೆ. ಸುಲ್ತಾನ ಬಯಲಿಗೆ ಹೋಗಿ ಪ್ರಾರ್ಥಿಸಿದ, ಮಳೆ ಬಂತು ಎಂಬುದು ಕತೆ. ಮಳೆಯನ್ನೇ ನಂಬಿದ ಒಕ್ಕಲಿಗರು ಅಂಥ ಒಬ್ಬನನ್ನು ತಮ್ಮ ಪಂಚಾಂಗದೊಳಗೆ ಕರೆದುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರ ದಂಡಿನೊಂದಿಗೆ ಬರುತ್ತಾರೆ. ಶಂಖ ಊದಿ, ಕಾಯಿ ಒಡೆದು, ಗೋರಿಗೆ ಹೂವು ಏರಿಸುತ್ತಾರೆ. ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರ ಸ್ಮಾರಕಗಳ ದೊಡ್ಡ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಆ ವರ್ಷವನ್ನು ನೆನಪಿಡಬೇಕು. ಅದರ ಮರುವರ್ಷವೇ ಈ ಜಿಲ್ಲೆಯಲ್ಲಿ ನೆರೆಹೊರೆ ಎಂಬ ಮಾತಿಗೆ ಅರ್ಥ ಉಳಿಯದಂತಾಯಿತು.

1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ನಿಜಾಮನ ಸೀಮೆಯೊಳಗೆ ಬಂತು. ಐದು ದಿನಗಳಲ್ಲಿ ಕಾರ್ಯಾಚರಣೆ ಮುಗಿಯಿತು. ಆಮೇಲೆ ಹಳ್ಳಿಗಳಲ್ಲಿ ಸೇಡಿನ ಅಲೆ ಎದ್ದಿತು. ಈ ಸಲ ಸತ್ತವರು ಹೆಚ್ಚಾಗಿ ಮುಸ್ಲಿಮರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಕಲಬುರಗಿ, ನಾಂದೇಡ ಜೊತೆಗೆ ಬೀದರನ್ನೂ ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಕಡತದಲ್ಲೇ ಇತ್ತು.

ನಾನು ಹುಟ್ಟಿದ್ದು 1949ರಲ್ಲಿ, ಭಾಲ್ಕಿಯ ಹತ್ತಿರದ ಒಂದು ಹಳ್ಳಿಯಲ್ಲಿ. "ಪೋಲೀಸ್ ಆಕ್ಷನ್ ಆಗಿ ಮರುವರ್ಷ ಹುಟ್ಟ್ಯಾನ" ಎಂದು ಅವ್ವ ನನ್ನ ವಯಸ್ಸು ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ರಜಾಕಾರರ ಕತೆ ಜೋರಾಗಿಯೇ ನಡೆಯುತ್ತಿತ್ತು: ಯಾರು ಹಗೇವಿನಲ್ಲಿ ಅಡಗಿದರು, ಯಾರು ಬಂಗಾರ ಹುಗಿದಿಟ್ಟು ಶೋಲಾಪುರಕ್ಕೆ ಓಡಿದರು ಎಂದು. ಸೆಪ್ಟೆಂಬರಿನ ನಂತರದ ಕತೆಯನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಊರ ಅಂಚಿನಲ್ಲಿ ಎರಡು ಮನೆಗಳ ಗೋಡೆ ಬಿದ್ದು ತುಗಲಿ ಗಿಡ ಬೆಳೆದಿತ್ತು. ಆ ಮನೆಗಳು ಯಾರವು ಎಂದು ಕೇಳಿದಾಗ ಮುತ್ಯಾ, "ಹ್ವಾದ್ರಪ್ಪ ಅವ್ರು" ಎಂದಷ್ಟೇ ಅಂದಿದ್ದರು.

ನನಗೆ ಚೆನ್ನಾಗಿ ನೆನಪಿರುವ ಅಷ್ಟೂರು ಜಾತ್ರೆಗಳು 1957, 1958ರವು. ಭಾಲ್ಕಿಯಲ್ಲಿ ರೈಲು ಹತ್ತಿ ಬೀದರಿನಲ್ಲಿ ಇಳಿದು, ಅಲ್ಲಿಂದ ನಡಿಗೆ. ಉದಗೀರ, ಕಮಲನಗರದ ಕಡೆಯಿಂದಲೂ ಜನ ಅದೇ ಗಾಡಿಯಲ್ಲಿ ಬರುತ್ತಿದ್ದರು. ಒಂದೇ ಡಬ್ಬಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಕೇಳುತ್ತಿತ್ತು. ದಾರಿಯುದ್ದಕ್ಕೂ ಬಿಸಿಲು, ಕೆಂಪು ಮಣ್ಣು. ಜಾತ್ರೆಯೊಳಗೆ ಬೆಂಡು ಬತ್ತಾಸು, ಮಿರ್ಚಿ ಭಜಿ, ಬಳೆ ಅಂಗಡಿ, ಕೈಯಿಂದ ತಿರುಗಿಸುವ ಕಟ್ಟಿಗೆಯ ತೊಟ್ಟಿಲು. ಗುಮ್ಮಟದ ಒಳಗೆ ಕತ್ತಲು. ಛತ್ತಿನ ತುಂಬ ಬಂಗಾರ, ಕೆಂಪು, ನೀಲಿ ಬಣ್ಣದಲ್ಲಿ ಬರೆದ ಅಕ್ಷರಗಳು. ಅವನ್ನು ಓದಲು ನನಗೆ ಬರುತ್ತಿರಲಿಲ್ಲ. ಅಪ್ಪ ಉರ್ದು ಶಾಲೆಯಲ್ಲಿ ಕಲಿತವರು. ಕೆಳಗೆ ನಿಂತು ಕತ್ತು ಎತ್ತಿ ಓದಲು ನೋಡುತ್ತಿದ್ದರು, ಒಂದೆರಡು ಹೆಸರು ಗುರುತು ಹಿಡಿದು ನನಗೆ ಹೇಳುತ್ತಿದ್ದರು.

ಆ ಜಾತ್ರೆಯಲ್ಲಿ ಮಕ್ಕಳಿಗೆ ದೊಡ್ಡ ಕಷ್ಟವೆಂದರೆ ರೊಕ್ಕದ ಲೆಕ್ಕ. ನಿಜಾಮನ ಹಾಲಿ ಸಿಕ್ಕಾ ಇನ್ನೂ ಪೂರ್ತಿ ಹೋಗಿರಲಿಲ್ಲ. 1951ರಲ್ಲಿ ಅಚ್ಚು ಹಾಕುವುದು ನಿಂತರೂ 1959ರವರೆಗೆ ಅದು ಚಲಾವಣೆಯಲ್ಲಿತ್ತು. ಭಾರತದ ರೂಪಾಯಿಗೆ ನಮ್ಮಲ್ಲಿ ಕಲ್ದಾರ ಎನ್ನುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ಅದು ಬಾಯಿಪಾಠ ಆಗುವಷ್ಟರಲ್ಲಿ, 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯಾಯಿತು. ಕಾಕಾ ನನ್ನ ಕೈಗೆ ಹಾಲಿ ಏಳಾಣೆ ಕೊಟ್ಟರೆ ಅದು ಕಲ್ದಾರ ಆರಾಣೆ, ಹೊಸ ಲೆಕ್ಕದಲ್ಲಿ ಮೂವತ್ತೇಳೂವರೆ ಪೈಸೆ. "ಹಾಲಿ ಏನು ಕಲ್ದಾರ?" ಎಂದು ಅಂಗಡಿಯವರು ಮೊದಲು ಕೇಳುತ್ತಿದ್ದರು, ಆಮೇಲೆ ಸರಕು ತೋರಿಸುತ್ತಿದ್ದರು. ಆ ಅರ್ಧ ಪೈಸೆ ಪ್ರತಿ ಸಲವೂ ಅಂಗಡಿಯವರ ಪಾಲಾಗುತ್ತಿತ್ತು.

ಜಂಗಮರು ಬರುವಾಗ ಗದ್ದಲ ತಾನೇ ತಗ್ಗುತ್ತಿತ್ತು. ದರ್ಗಾದವರು ದಾರಿ ಬಿಡಿಸುತ್ತಿದ್ದರು. ಶಂಖದ ಸದ್ದು ಗುಮ್ಮಟದೊಳಗೆ ಸುತ್ತಿ ಹೊರಗೆ ಬರುತ್ತಿತ್ತು. ಆಗ ಮುತ್ಯಾನ ಪಕ್ಕದಲ್ಲಿ ನಿಂತ ಗಡ್ಡದ ಮುದುಕರೊಬ್ಬರು ಅವರ ಕೈ ಹಿಡಿದುಕೊಂಡಿದ್ದನ್ನು ನಾನು ಕಂಡೆ. ಇಬ್ಬರೂ ಮಾತಾಡಲಿಲ್ಲ. ಹಿಂತಿರುಗುವಾಗ ಅವರು ಯಾರು ಎಂದು ಕೇಳಿದೆ. "ನಮ್ಮೂರವರೇ. ಈಗ ಬೀದರದಾಗ ಅದಾರ" ಎಂದರು ಮುತ್ಯಾ. ಬಿದ್ದ ಗೋಡೆಯ ಮನೆಗಳಿಗೂ ಆ ಮುದುಕರಿಗೂ ಇದ್ದ ಸಂಬಂಧ ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ಔರಾದದ ಅಮರೇಶ್ವರ ಜಾತ್ರೆಯ ರೀತಿ ಬೇರೆ. ಅಲ್ಲಿ ದೇವರಷ್ಟೇ ಮುಖ್ಯ ದನ. ದೇವಣಿ ತಳಿಯ ಎತ್ತುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು: ಪೂರ್ತಿ ಬಿಳಿಯ ಬಾಲಂಕ್ಯ, ಕರಿ ಮುಖದ ವಾನ್ನೇರ, ಮೈಮೇಲೆ ಕಪ್ಪು ಮಚ್ಚೆಗಳ ಶೇವರ. ಅಪ್ಪ ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು. ದಲಾಲ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಬೆಲೆ ಹೇಳುತ್ತಿದ್ದ. ಹುಡುಗರಿಗೆ ಕಾಯಿ ಕುಸ್ತಿ, ಗೆದ್ದವನಿಗೆ ಒಂದು ತೆಂಗಿನಕಾಯಿ. ದೊಡ್ಡ ಪೈಲ್ವಾನರಿಗೆ ಬೆಳ್ಳಿ ಕಡಗ. ಅಖಾಡಾದಲ್ಲಿ ಯಾವ ಊರು ಎಂದು ಕೂಗಿ ಹೇಳುತ್ತಿದ್ದರು, ಜಾತಿ ಹೇಳುತ್ತಿರಲಿಲ್ಲ.

ಈ ತಳಿಗೆ ಹೆಸರು ಕೊಟ್ಟ ದೇವಣಿ ಆಗಿನ ಉದಗೀರ ತಾಲ್ಲೂಕಿನಲ್ಲಿತ್ತು. ಉದಗೀರ ಬೀದರ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು. ಉದಗೀರ, ಅಹ್ಮದಪುರ, ನಿಲಂಗಾ ಮುಂಬಯಿಗೆ. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ಎತ್ತಿನ ಊರು ಒಂದು ರಾಜ್ಯಕ್ಕೆ, ಎತ್ತಿನ ಜಾತ್ರೆ ಇನ್ನೊಂದಕ್ಕೆ. ಕನ್ನಡ ಶಾಲೆಗೆ ಹೋಗುವ ನನಗೆ ಅದು ಒಳ್ಳೆಯದೇ ಆಯಿತು. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಗಿತ್ತು. ಆದರೆ ಉದಗೀರದ ನೆಂಟರು ಬೇರೆ ರಾಜ್ಯದವರಾದರು. ಔರಾದದ ದನದ ಪೇಟೆಯಲ್ಲಿ ಮಾತ್ರ ಗಡಿ ಕಾಣುತ್ತಿರಲಿಲ್ಲ. ಬೆರಳಿನ ಬೆಲೆಗೆ ಭಾಷೆ ಬೇಕಿರಲಿಲ್ಲ.

ಈಗ ಅಷ್ಟೂರಿನ ಮಾತು ಬಂದಾಗಲೆಲ್ಲ ಭಾಷಣಕಾರರು ಭಾವೈಕ್ಯ ಎನ್ನುತ್ತಾರೆ. ಆ ಪದ ಕೇಳಿದರೆ ನನಗೆ ಇರಿಸುಮುರಿಸಾಗುತ್ತದೆ. ಜಾತ್ರೆಗೆ ಹೋಗುವವರು ಸಂತರಾಗಿರಲಿಲ್ಲ. 1948ರಲ್ಲಿ ಹೊಡೆದವರೂ ಹೊಡೆಸಿಕೊಂಡವರೂ ಆ ಗುಂಪಿನಲ್ಲಿ ಇದ್ದಿರಲೇಬೇಕು. ಭಾವ ಒಂದಾಗಲಿ ಎಂದು ಕಾಯ್ದಿದ್ದರೆ ಉರುಸು ನಿಂತೇ ಹೋಗುತ್ತಿತ್ತು. ಅಲ್ಲಿ ಉಳಿದಿದ್ದದ್ದು ಹೊಣೆ. ಜಂಗಮರು ಶಂಖ ಊದಬೇಕು, ದರ್ಗಾದವರು ಬಾಗಿಲು ತೆರೆಯಬೇಕು, ಬಳೆಗಾರ ಅಂಗಡಿ ಹಾಕಬೇಕು, ರೈತ ಹರಕೆ ತೀರಿಸಬೇಕು. ಒಬ್ಬರ ಕೆಲಸ ಇನ್ನೊಬ್ಬರಿಲ್ಲದೆ ಸಾಗುತ್ತಿರಲಿಲ್ಲ. ಇಂಥ ಕೆಲಸದ ನೆಪದಲ್ಲಿ, ಬೇರೆಲ್ಲೂ ಭೇಟಿಯಾಗಲಾರದ ಇಬ್ಬರು ಮುದುಕರು ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ ನಿಲ್ಲುವುದು ಸಾಧ್ಯವಾಯಿತು.

ಆ ಭೇಟಿಯಿಂದ ನ್ಯಾಯ ಸಿಕ್ಕಿತು ಎಂದು ನಾನು ಹೇಳಲಾರೆ. ಬಿದ್ದ ಮನೆಗಳನ್ನು ಯಾರೂ ಕಟ್ಟಿಕೊಡಲಿಲ್ಲ. ಗೋರ್ಟಾದ ಸತ್ತವರನ್ನು ನೆನೆಯುವವರು ಸೆಪ್ಟೆಂಬರಿನ ನಂತರ ಸತ್ತವರನ್ನು ಇಂದಿಗೂ ಅಷ್ಟಾಗಿ ನೆನೆಯುವುದಿಲ್ಲ. ಹಾಲಿ ಮತ್ತು ಕಲ್ದಾರದ ನಡುವೆ ಏಳಕ್ಕೆ ಆರು ಎಂಬ ದರವಾದರೂ ಇತ್ತು. ಈ ಎರಡು ದುಃಖಗಳ ನಡುವೆ ಅಂಥ ದರ ಯಾವುದೂ ಇಲ್ಲ, ಇರಲೂಬಾರದು. ಎರಡನ್ನೂ ಪೂರ್ತಿಯಾಗಿಯೇ ಎಣಿಸಬೇಕು. ಅಲ್ಲಿಯವರೆಗೆ ಬೀದರಿನ ಇತಿಹಾಸವನ್ನು ನಾವು ಅರ್ಧವೇ ಬರೆಯುತ್ತಿರುತ್ತೇವೆ. ಹೋಳಿ ಮುಗಿದ ಮೇಲೆ ಅಷ್ಟೂರಿನ ದಾರಿಯಲ್ಲಿ ಜನ ಈಗಲೂ ನಡೆಯುತ್ತಾರೆ. ಅವರ ಜೊತೆ ಹೆಜ್ಜೆ ಹಾಕುವ ಮೊಮ್ಮಕ್ಕಳಿಗೆ ದಾರಿಯಲ್ಲಿ ಹೇಳಬೇಕಾದ ಕತೆ ಎರಡಿವೆ, ಒಂದಲ್ಲ.