ಅಜ್ಜ ಮನೆಗೆ ಬಂದ್ರಾ? - ಅನುವಾದದ ಗುಂಡಿಗಳ ಒಂದು ಹಳೇ ಕಥೆ

ಕಳೆದ ತಿಂಗಳು ಅಕ್ಕನ ಮೊಮ್ಮಗಳು ಜರ್ಮನಿಯಿಂದ ಗಾಬರಿಯಲ್ಲಿ ಫೋನ್ ಮಾಡಿದ್ಳು. "ತಾತ, ಅಜ್ಜಿ ಫೋನ್ ಎತ್ತುತಿಲ್ಲ. ಅಜ್ಜ ಮನೆಗೆ ಬಂದ್ರಾ ಇಲ್ವಾ?" ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ. ಅಕ್ಕನ ಮಿಂಚಂಚೆಗಳನ್ನು ಅನುವಾದದ ಪುಟಕ್ಕೆ ಅಂಟಿಸಿ ಜರ್ಮನ್ನಿನಲ್ಲಿ ಓದಿಕೊಳ್ತಾಳೆ. ಅಕ್ಕ ಬರೆದಿದ್ದು ಇಷ್ಟೇ: "ಅಜ್ಜ ಆಸ್ಪತ್ರೆ ಸೇರಿದ್ರು. ಹುಷಾರಾಗಿ ಮನೆಗೆ ಬಂದ್ರು." ಯಂತ್ರ ಮೊದಲ ವಾಕ್ಯವನ್ನು ಸರಿಯಾಗೇ ಹೇಳಿ, ಎರಡನೆಯದನ್ನು "ಅವರೆಲ್ಲ ಎಚ್ಚರಿಕೆಯಿಂದ ಮನೆಗೆ ಬಂದರು" ಅನ್ನೋ ಅರ್ಥ ಬರೋ ಹಾಗೆ ಮಾಡಿತ್ತು. ಅಜ್ಜನನ್ನ ಅಲ್ಲೇ ಬಿಟ್ಟು ಉಳಿದವರು ಬೆಕ್ಕಿನ ಹೆಜ್ಜೆ ಇಟ್ಕೊಂಡು ಬಂದಂಗೆ! ನನಗೆ ನಗು ಬಂತು ನಿಜ, ಆದ್ರೆ ಆ ಹುಡುಗಿ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ಅದೇ ಎರಡು ಸಾಲನ್ನ ನಾನು ಇನ್ನೊಂದು ಯಂತ್ರಕ್ಕೆ ಹಾಕಿದೆ. "ಗುಣವಾಗಿ ಮನೆಗೆ ಬಂದರು" ಅಂತ ಬಂತು. ಅವಳ ಬ್ರೌಸರಿನಲ್ಲಿ ಇದ್ದಿದ್ದು ಒಂದೇ ಯಂತ್ರದ ಶಾರ್ಟ್‌ಕಟ್. ನನ್ನದರಲ್ಲಿ ಮೂರಿವೆ. ಇದು ಹಳೇ ಕಾಲದ ಚಟ ಸ್ವಾಮಿ, ಅದರ ಕಥೆ ಹೇಳ್ತೀನಿ ಕೇಳಿ.

1997ರ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾದವರು ಬ್ಯಾಬೆಲ್ ಫಿಶ್ ಶುರು ಮಾಡಿದ್ರು. ಡಗ್ಲಾಸ್ ಆಡಮ್ಸ್ ಕಥೆಯಲ್ಲಿ ಕಿವಿಯೊಳಗೆ ಬಿಟ್ಕೊಂಡ್ರೆ ಯಾವ ಭಾಷೆಯಾದರೂ ಅರ್ಥವಾಗುವ ಮೀನೊಂದು ಬರುತ್ತಲ್ಲ, ಅದರ ಹೆಸರು. ಒಳಗಿದ್ದ ಎಂಜಿನ್ ಮಾತ್ರ ಸಿಸ್ಟ್ರಾನ್ ಕಂಪನಿಯದು. 1968ರಲ್ಲಿ ಪೀಟರ್ ಟೋಮಾ ಕಟ್ಟಿದ ಆ ಕಂಪನಿ ಅಮೆರಿಕದ ವಾಯುಪಡೆಗೆ ರಷ್ಯನ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಡ್ತಿತ್ತು. ಶೀತಲ ಸಮರದ ಸರಕು ನಮ್ಮಂಥವರ ಕೈಗೆ ಪುಕ್ಕಟೆ ಸಿಕ್ಕಿದ್ದು ಹೀಗೆ.

ಅದೇ ಹೊತ್ತಿಗೆ ಇನ್ನೊಂದು ಉಪಾಯವೂ ಬಂತು. 1995ರಲ್ಲಿ ನೆಟ್‌ಸ್ಕೇಪ್ ಜೊತೆ ಬಂದ ಜಾವಾಸ್ಕ್ರಿಪ್ಟನ್ನು ವಿಳಾಸದ ಜಾಗದಲ್ಲೇ ಬರೆಯಬಹುದಿತ್ತು. ವಿಳಾಸದಲ್ಲಿ ಬರೆಯೋದನ್ನ ಬುಕ್‌ಮಾರ್ಕ್ ಮಾಡಬಹುದಲ್ಲ? ಒತ್ತಿದ್ರೆ ಪುಟ ತೆರೆಯೋ ಬದಲು ಕೆಲಸ ಮಾಡುವ ಇಂಥ ಬುಕ್‌ಮಾರ್ಕಿಗೆ 1998ರಲ್ಲಿ ಸ್ಟೀವ್ ಕಾಂಗಸ್ ಎಂಬಾತ 'ಬುಕ್‌ಮಾರ್ಕ್ಲೆಟ್' ಅಂತ ಹೆಸರಿಟ್ಟ. ನಾನು ಆಗ ಫ್ರೆಂಚ್ ಕೈಪಿಡಿಗಳ ಜೊತೆ ಒದ್ದಾಡುತ್ತಿದ್ದೆ. ಬ್ಯಾಬೆಲ್ ಫಿಶ್ ಬುಕ್‌ಮಾರ್ಕ್ಲೆಟ್ ಒಂದನ್ನು ಟೂಲ್‌ಬಾರಿಗೆ ಎಳೆದು ಹಾಕ್ಕೊಂಡೆ. ಒತ್ತಿದ್ರೆ ಇಡೀ ಪುಟ ಹರಕುಮುರುಕು ಇಂಗ್ಲಿಷ್!

ಆ ಗುಂಡಿ ಬಾಳಲಿಲ್ಲ. ಆಲ್ಟಾವಿಸ್ಟಾ ಕೈ ಬದಲಾಯಿಸುತ್ತಾ 2003ರಲ್ಲಿ ಯಾಹೂ ಪಾಲಾಯಿತು, 2008ರಲ್ಲಿ ಮೀನಿನ ವಿಳಾಸವೂ ಯಾಹೂಗೆ ಹೋಯಿತು, 2012ರಲ್ಲಿ ಅದೂ ಮುಚ್ಚಿ ಬಿಂಗ್ ಕಡೆ ಕೈ ತೋರಿಸಿತು. ಪ್ರತಿ ಸಲ ನನ್ನ ಶಾರ್ಟ್‌ಕಟ್ ಸತ್ತಾಗ ಪಕ್ಕದಲ್ಲಿ ಇನ್ನೊಂದನ್ನು ನೆಟ್ಟುಕೊಂಡೆ. ಚಟ ಬೆಳೆದದ್ದು ಹೀಗೆ.

ಇಷ್ಟೆಲ್ಲ ಆದರೂ ಈ ಗುಂಡಿಗಳಲ್ಲಿ ಕನ್ನಡ ಇರಲಿಲ್ಲ ನೋಡಿ. ನಮ್ಮಲ್ಲಿ ಕೆಲಸ ನಡೆದೇ ಇರಲಿಲ್ಲ ಅಂತಲ್ಲ. ತೊಂಬತ್ತರ ದಶಕದಲ್ಲೇ 'ಅನುಸಾರಕ' ಯೋಜನೆಯವರು ಕನ್ನಡದಿಂದ ಹಿಂದಿಗೆ ಯಂತ್ರಾನುವಾದ ಮಾಡಿ ತೋರಿಸಿದ್ದರು. ಆದರೆ ಅದು ಜನರ ಬ್ರೌಸರಿಗೆ ಬರಲಿಲ್ಲ. ಗೂಗಲ್ ಅನುವಾದ 2006ರಲ್ಲಿ ಶುರುವಾದರೂ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ, ಬಂಗಾಳಿ, ಗುಜರಾತಿ, ತಮಿಳು, ತೆಲುಗಿನ ಜೊತೆ. ಮೀನು ಹುಟ್ಟಿ ಹದಿಮೂರು ವರ್ಷ ದಾಟಿದ ಮೇಲೆ! 2017ರಲ್ಲಿ ಗೂಗಲ್ ನರಜಾಲದ ವಿಧಾನವನ್ನು ಕನ್ನಡಕ್ಕೂ ತಂದಮೇಲೆ ವಾಕ್ಯಗಳು ವಾಕ್ಯದಂತೆ ಕಾಣತೊಡಗಿದವು. ಮೈಕ್ರೋಸಾಫ್ಟ್‌ನವರು ಕನ್ನಡ ಸೇರಿಸಿದ್ದು 2020ರಲ್ಲಿ. 2023ರಲ್ಲಿ ಐಐಟಿ ಮದ್ರಾಸಿನ ಎಐ4ಭಾರತ್ ತಂಡ 22 ಭಾರತೀಯ ಭಾಷೆಗಳ ಇಂಡಿಕ್‌ಟ್ರಾನ್ಸ್2 ಕೊಟ್ಟಿತು. ಅಂದ್ರೆ ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವ ಭಾಗ್ಯ ಕನ್ನಡಕ್ಕೆ ಬಂದು ಬಹಳ ದಿನ ಆಗಿಲ್ಲ.

ಕೇಳಲೇಬೇಕು ಯಾಕೆ ಅಂದ್ರೆ, ನಮ್ಮ ಮಾತಿನ ಜಾಯಮಾನ ಹಾಗಿದೆ. ಅಕ್ಕ ಎರಡನೇ ವಾಕ್ಯದಲ್ಲಿ 'ಅವರು' ಅಂತ ಕೂಡ ಬರೆದಿಲ್ಲ, 'ಬಂದ್ರು' ಒಂದರಲ್ಲೇ ಆಳೂ ಇದೆ, ಮರ್ಯಾದೆಯೂ ಇದೆ. ಯಂತ್ರಕ್ಕೆ ಅದು ಬರೀ ಬಹುವಚನ. 'ಹುಷಾರು' ಅಂದ್ರೆ ಎಚ್ಚರಿಕೆಯೂ ಹೌದು, ಆರೋಗ್ಯವೂ ಹೌದು. ಕನ್ನಡದಿಂದ ಜರ್ಮನ್ನಿಗೆ ಹೋಗುವಾಗ ನಡುವೆ ಇಂಗ್ಲಿಷಿನಲ್ಲಿ ಇಳಿದು ಹತ್ತುವ ಯಂತ್ರಗಳಲ್ಲಿ ಇನ್ನೊಂದಷ್ಟು ಸೋರಿಹೋಗುತ್ತೆ.

ಹಳೇ ಬುಕ್‌ಮಾರ್ಕ್ಲೆಟ್‌ಗಳು ಈಗ ಎಷ್ಟೋ ತಾಣಗಳಲ್ಲಿ ನಡೆಯಲ್ಲ, ಭದ್ರತೆಯ ನಿಯಮಗಳು ತಡೆಯುತ್ತವೆ. ಆದರೆ ಫೈರ್‌ಫಾಕ್ಸಿನ ಕೀವರ್ಡ್ ಬುಕ್‌ಮಾರ್ಕ್ ಇನ್ನೂ ಗಟ್ಟಿಯಾಗಿದೆ. ಅನುವಾದದ ಪುಟದ ವಿಳಾಸದಲ್ಲಿ ನೀವು ಹಾಕಿದ ಪಠ್ಯ ಕಾಣಿಸಿದರೆ, ಆ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿ ಪಕ್ಕದಲ್ಲೇ ಇಂಗ್ಲಿಷಿನ ಸಣ್ಣ 'ಎಸ್' ಬರೆದು ಬುಕ್‌ಮಾರ್ಕ್ ಮಾಡಿ, ಕೀವರ್ಡ್ ಅಂತ ಒಂದು ಅಕ್ಷರ ಕೊಡಿ. ಆಮೇಲೆ ವಿಳಾಸದ ಜಾಗದಲ್ಲಿ ಆ ಅಕ್ಷರ, ಒಂದು ಸ್ಪೇಸ್, ಅನುವಾದ ಆಗಬೇಕಾದ ಸಾಲು. ಅಷ್ಟೇ. (ಮನೆಯ ಗುಟ್ಟಿನ ಪತ್ರಗಳನ್ನ ಹೀಗೆ ಹಾಕಬೇಡಿ, ಬ್ರೌಸರಿನ ಇತಿಹಾಸದಲ್ಲಿ ಉಳಿದುಬಿಡುತ್ತೆ.)

ಹುಡುಗಿಗೆ ಫೋನಲ್ಲೇ ಹೇಳಿಕೊಟ್ಟೆ. ಗೂಗಲ್‌ಗೆ ಗ, ಬಿಂಗ್‌ಗೆ ಬ. ಕನ್ನಡ ಅಕ್ಷರಾನೇ ಬೇಕು ಅಂತ ಹಟ ಮಾಡಿದ್ಳು, ಹೆಂಗೂ ಎರಡು ಅಕ್ಷರ ಕಲಿತಂಗಾಯ್ತು. ಅಕ್ಕನಿಗೂ "ಅಜ್ಜ ಬಂದ್ರು ಅಂತ ಎರಡೂ ಸಲ ಬರಿ ಕಣೆ" ಅಂದೆ. "ನಾನ್ ಹೇಳಿದ್ದು ಅಜ್ಜನ ವಿಷಯಾನೇ ತಾನೆ, ಇನ್ಯಾರು ಬರ್ತಾರೆ?" ಅಂದ್ಳು.