ಬೇರೆ ಪ್ರೋಗ್ರಾಂನ ಲಿಸ್ಟ್ ಓದೋದು ಯಾಕೆ ಕಷ್ಟ? ವಿಂಡೋಸ್ ಕಂಟ್ರೋಲ್ ಮತ್ತು ಮೆಮೊರಿಯ ಇತಿಹಾಸ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಬಸ್ಸಲ್ಲಿ ಕೂತು ಓದ್ತೀವಿ ಅನ್ನೋರಿಗಾಗಿ ಈ ವಾರದ ಮಾತು ಇಲ್ಲಿದೆ. ಮಾತಾಡಿದ್ದನ್ನ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ, ಅಷ್ಟೆ.

ಪುಣೆಯಲ್ಲಿ ನಾನು ಕೆಲಸ ಮಾಡ್ತಿದ್ದ ಒಂದು ಟೀಮಿನ ಘಟನೆಯಿಂದ ಶುರು ಮಾಡ್ತೀನಿ. ಕಂಪನಿ ಹೆಸರು ಬೇಡ. ಗ್ರಾಹಕರ ಗೋದಾಮಿನಲ್ಲಿ ಬೇರೆ ಯಾರೋ ಬರೆದ ಹಳೇ ಬಿಲ್ಲಿಂಗ್ ಪ್ರೋಗ್ರಾಂ ಒಂದಿತ್ತು. ಅದರ ತೆರೆಯ ಮೇಲಿನ ಮಾಹಿತಿ ಓದಿ ಹೊಸ ಸಿಸ್ಟಂಗೆ ಕಳಿಸೋ ಸಣ್ಣ ಟೂಲ್ ನಮ್ಮದು. ಹುಬ್ಬಳ್ಳಿಯ ಹುಡುಗನೊಬ್ಬ ಅದನ್ನ ಬರೆದಿದ್ದ. ಟೆಸ್ಟ್ ಎಲ್ಲಾ ಪಾಸ್. ಗೋದಾಮಿನಲ್ಲಿ ಹಾಕಿದ ದಿನ ಬಿಲ್ಲಿಂಗ್ ಪ್ರೋಗ್ರಾಂ ಧಡಕ್ ಅಂತ ಮುಚ್ಚಿಹೋಯ್ತು. ಮತ್ತೆ ತೆರೆದರು, ಮತ್ತೆ ಹೋಯ್ತು. ಹೊರಗೆ ಲಾರಿ ನಿಂತಿದೆ, ಬಿಲ್ ಆಗ್ತಿಲ್ಲ. ನಮ್ಮ ಟೂಲ್ ಮಾತ್ರ ಆರಾಮಾಗಿ ನಡೀತಾ ಇತ್ತು. ವಿಂಡೋಸ್‌ನ ಲಾಗ್‌ನಲ್ಲಿ ಬಿದ್ದಿದ್ದು ಬಿಲ್ಲಿಂಗ್ ಪ್ರೋಗ್ರಾಂ ಹೆಸರು. ಸಹಜವಾಗಿ ನಮ್ಮ ಕಡೆಯವರು "ಅವರ ಸಾಫ್ಟ್‌ವೇರೇ ಸರಿಯಿಲ್ಲ" ಅಂತ ಮೇಲ್ ಹಾಕಿದರು.

ಆ ಹುಡುಗ ಮಾತ್ರ ಸಂಜೆ ನನ್ನ ಹತ್ರ ಬಂದು ಒಂದು ಪ್ರಶ್ನೆ ಕೇಳಿದ. "ಸರ್, ಎಡಿಟ್ ಬಾಕ್ಸ್‌ನಾಗಿನ ಟೆಕ್ಸ್ಟ್ ಛಲೋ ಬರ್ತದ. ಲಿಸ್ಟ್‌ನಾಗಿಂದು ಯಾಕ ಬರಂಗಿಲ್ರೀ? ಎರಡಕ್ಕೂ ಸೆಂಡ್‌ಮೆಸೇಜೇ ಅಲ್ಲೇನು?"

ಒಳ್ಳೇ ಪ್ರಶ್ನೆ. ಬಗ್ ಇದ್ದಿದ್ದು ಅಲ್ಲೇ. ಇದಕ್ಕೆ ಉತ್ತರ ಬೇಕು ಅಂದ್ರೆ 1985ಕ್ಕೆ ಹೋಗಬೇಕು.

ಎಲ್ಲರೂ ಒಂದೇ ವಠಾರದಲ್ಲಿದ್ದ ಕಾಲ

ವಿಂಡೋಸ್ 1.0 ಬಂದದ್ದು 1985ರ ನವೆಂಬರ್‌ನಲ್ಲಿ. ಬಟನ್, ಎಡಿಟ್, ಲಿಸ್ಟ್‌ಬಾಕ್ಸ್, ಸ್ಕ್ರೋಲ್‌ಬಾರ್ ಅನ್ನೋ ಕಂಟ್ರೋಲ್‌ಗಳು ಆಗಲೇ ಇದ್ದವು. ಪ್ರತಿಯೊಂದು ಕಂಟ್ರೋಲ್ ಕೂಡ ಒಂದು ವಿಂಡೋ. ಅದರ ಜೊತೆ ಮಾತಾಡೋದು ಮೆಸೇಜ್ ಮೂಲಕ. ಮೆಸೇಜ್ ಅಂದ್ರೆ ಒಂದು ನಂಬರ್, ಜೊತೆಗೆ ಎರಡು ಚಿಕ್ಕ ಬೆಲೆಗಳು. ಪಠ್ಯದಂಥ ದೊಡ್ಡ ವಸ್ತು ಬೇಕಾದರೆ, "ಉತ್ತರವನ್ನ ಇಲ್ಲಿ ಬರೆ" ಅಂತ ಮೆಮೊರಿಯ ಒಂದು ವಿಳಾಸ ಕೊಡೋದು. ಅದೇ ಪಾಯಿಂಟರ್.

16 ಬಿಟ್ ವಿಂಡೋಸ್‌ನಲ್ಲಿ ಎಲ್ಲಾ ಪ್ರೋಗ್ರಾಂಗಳೂ ಒಂದೇ ಮೆಮೊರಿ ಜಾಗದಲ್ಲಿ ವಾಸ ಮಾಡ್ತಿದ್ದವು. ನಮ್ಮ ಹಳೇ ವಠಾರದ ಹಾಗೆ: ಒಂದೇ ಅಂಗಳ, ಒಂದೇ ಬಾವಿ. "ಬಾವಿ ಪಕ್ಕದ ಕಲ್ಲಿನ ಮೇಲೆ ಇಡಿ" ಅಂದ್ರೆ ಎಲ್ಲರಿಗೂ ಅದೇ ಕಲ್ಲು. ಹಾಗಾಗಿ ಒಂದು ಪ್ರೋಗ್ರಾಂ ಕೊಟ್ಟ ವಿಳಾಸವನ್ನ ಇನ್ನೊಂದು ಪ್ರೋಗ್ರಾಂ ನೇರವಾಗಿ ಬಳಸಬಹುದಿತ್ತು. ಇದಕ್ಕೆ ಬೆಲೆಯೂ ಇತ್ತು. ಒಬ್ಬ ತಪ್ಪು ಜಾಗದಲ್ಲಿ ಬರೆದರೆ ಪಕ್ಕದವನ ಸಂಸಾರ ಹಾಳು. 1990ರ ವಿಂಡೋಸ್ 3.0 ಬಳಸಿದವರಿಗೆ "ಅನ್‌ರಿಕವರಬಲ್ ಅಪ್ಲಿಕೇಶನ್ ಎರರ್" ನೆನಪಿರಬಹುದು, 1992ರ 3.1 ಬಳಸಿದವರಿಗೆ "ಜನರಲ್ ಪ್ರೊಟೆಕ್ಷನ್ ಫಾಲ್ಟ್". ಒಂದು ಬಿದ್ದರೆ ಕೊನೆಗೆ ಇಡೀ ವಿಂಡೋಸ್ ರೀಸ್ಟಾರ್ಟ್ ಮಾಡಬೇಕಾಗ್ತಿತ್ತು.

1993: ಪ್ರತಿ ಪ್ರೋಸೆಸ್‌ಗೂ ತನ್ನದೇ ಮನೆ

1988ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಬಿಟ್ಟು ಮೈಕ್ರೋಸಾಫ್ಟ್‌ಗೆ ಬಂದ ಡೇವ್ ಕಟ್ಲರ್ ಮತ್ತು ಅವರ ತಂಡ ಕಟ್ಟಿದ್ದು ವಿಂಡೋಸ್ ಎನ್‌ಟಿ. ಅದರ ಮೊದಲ ಆವೃತ್ತಿ, ಎನ್‌ಟಿ 3.1, 1993ರ ಜುಲೈನಲ್ಲಿ ಹೊರಬಂತು. ಅಲ್ಲಿ ಪ್ರತಿ ಪ್ರೋಸೆಸ್‌ಗೂ ಪ್ರತ್ಯೇಕ ಮೆಮೊರಿ. ವಠಾರ ಹೋಗಿ ಅಪಾರ್ಟ್‌ಮೆಂಟ್ ಸೊಸೈಟಿ ಬಂದ ಹಾಗೆ. ಈಗ "ಬಿ 402ಕ್ಕೆ ಪಾರ್ಸೆಲ್ ಕೊಡಿ" ಅಂದ್ರೆ ಸಾಲದು. ಹಿಂಜೆವಾಡಿಯ ಪ್ರತಿ ಸೊಸೈಟಿಯಲ್ಲೂ ಒಂದು ಬಿ 402 ಇರತ್ತೆ. ಯಾವ ಸೊಸೈಟಿಯದ್ದು ಅಂತ ಹೇಳದಿದ್ದರೆ ಪಾರ್ಸೆಲ್ ಬೇರೆ ಯಾರದ್ದೋ ಬಾಗಿಲಿಗೆ ಹೋಗತ್ತೆ, ಇಲ್ಲಾ ಆ ಸೊಸೈಟಿಯಲ್ಲಿ ಆ ಮನೆಯೇ ಇರಲ್ಲ.

ಆದರೆ ವಿಳಾಸ ಹೊತ್ತ ಮೆಸೇಜ್ ಕಳಿಸೋ ಹಳೇ ಪದ್ಧತಿಯನ್ನ ಮುರಿಯೋ ಹಾಗಿರಲಿಲ್ಲ. ಅದಕ್ಕೆ ಕಂಡುಕೊಂಡ ದಾರಿ, ಮಧ್ಯದಲ್ಲಿ ಸಿಸ್ಟಮ್ಮೇ ನಿಂತು ಸಾಮಾನು ಸಾಗಿಸೋದು. ಬೇರೆ ಪ್ರೋಸೆಸ್‌ನ ಎಡಿಟ್ ಬಾಕ್ಸ್‌ಗೆ ನೀವು ಡಬ್ಲ್ಯೂಎಂ ಗೆಟ್‌ಟೆಕ್ಸ್ಟ್ ಕಳಿಸಿದರೆ, ವಿಂಡೋಸ್ ಆ ಪ್ರೋಸೆಸ್‌ನಲ್ಲಿ ಪಠ್ಯವನ್ನ ತೆಗೆದುಕೊಂಡು, ನಿಮ್ಮ ಪ್ರೋಸೆಸ್‌ಗೆ ನಕಲು ಮಾಡಿ ತಂದುಕೊಡತ್ತೆ. ಇದಕ್ಕೆ ಮಾರ್ಷಲಿಂಗ್ ಅಂತ ಹೆಸರು.

ಹೀಗೆ ಸಾಗಿಸಬೇಕು ಅಂದ್ರೆ ಯಾವ ಮೆಸೇಜ್‌ನಲ್ಲಿ ವಿಳಾಸ ಇದೆ, ಯಾವುದರಲ್ಲಿ ಬರೀ ಸಂಖ್ಯೆ ಇದೆ ಅಂತ ಸಿಸ್ಟಂಗೆ ಮೊದಲೇ ಗೊತ್ತಿರಬೇಕು. ಹಳೇ 16 ಬಿಟ್ ಕಾಲದಲ್ಲಿ ಕಂಟ್ರೋಲ್‌ಗಳ ಮೆಸೇಜ್ ನಂಬರ್‌ಗಳು 1024ರಿಂದ ಶುರುವಾಗ್ತಿದ್ದವು. ಬಟನ್‌ಗೆ 1024 ಅಂದ್ರೆ "ಟಿಕ್ ಆಗಿದೆಯಾ?", ಎಡಿಟ್‌ಗೆ ಅದೇ 1024 ಅಂದ್ರೆ "ಯಾವ ಭಾಗ ಸೆಲೆಕ್ಟ್ ಆಗಿದೆ?". ನಂಬರ್ ಒಂದೇ, ಅರ್ಥ ಬೇರೆ. ಆದ್ದರಿಂದ 32 ಬಿಟ್‌ಗೆ ಬರುವಾಗ ಈ ಮೂಲ ಕಂಟ್ರೋಲ್‌ಗಳ ಮೆಸೇಜ್‌ಗಳಿಗೆಲ್ಲಾ 1024ಕ್ಕಿಂತ ಕೆಳಗೆ ಬೇರೆ ಬೇರೆ ನಂಬರ್ ಕೊಟ್ಟರು. ಅಲ್ಲಿಂದ ನಿಯಮ ಸ್ಪಷ್ಟವಾಯ್ತು: 1024ರ ಕೆಳಗಿನದ್ದು ಸಿಸ್ಟಮ್ಮಿನ ಜವಾಬ್ದಾರಿ, ಮೇಲಿನದ್ದು ನಿಮ್ಮ ಜವಾಬ್ದಾರಿ.

1995: ಲಿಸ್ಟ್‌ವ್ಯೂ ಹೊರಗುಳಿದದ್ದು

ವಿಂಡೋಸ್ 95 ಬಿಡುಗಡೆಯಾದದ್ದು 1995ರ ಆಗಸ್ಟ್ 24ಕ್ಕೆ. ಲಿಸ್ಟ್‌ವ್ಯೂ, ಟ್ರೀವ್ಯೂ, ಟೂಲ್‌ಬಾರ್, ಟ್ಯಾಬ್ ಇವೆಲ್ಲಾ ಅದರ ಜೊತೆ ಜನಪ್ರಿಯವಾದವು. ಇವು ಇರೋದು ಕಾಮನ್ ಕಂಟ್ರೋಲ್ಸ್ ಅನ್ನೋ ಪ್ರತ್ಯೇಕ ಡಿಎಲ್‌ಎಲ್‌ನಲ್ಲಿ. ಲಿಸ್ಟ್‌ವ್ಯೂ ಮೆಸೇಜ್‌ಗಳ ನಂಬರ್ ಶುರುವಾಗೋದೇ 4096ರಿಂದ. ಅಂದ್ರೆ ಗೆರೆಯ ಆಚೆ. ವಿಂಡೋ ಮ್ಯಾನೇಜರ್‌ಗೆ ಅದರಲ್ಲಿ ವಿಳಾಸ ಇದೆ ಅನ್ನೋದೇ ಗೊತ್ತಿಲ್ಲ. ನೀವು ಕೊಟ್ಟ ಬೆಲೆಯನ್ನ ಹಾಗೇ ದಾಟಿಸಿಬಿಡತ್ತೆ.

ಹುಡುಗನ ಪ್ರಶ್ನೆಗೆ ಉತ್ತರ ಇದೇ. ಎಡಿಟ್ ಬಾಕ್ಸ್ ಓದೋವಾಗ ಮಧ್ಯದಲ್ಲಿ ಸಿಸ್ಟಮ್ ಕೆಲಸ ಮಾಡ್ತಿತ್ತು. ಲಿಸ್ಟ್‌ವ್ಯೂ ಓದೋವಾಗ ಅವನ ಪ್ರೋಗ್ರಾಂನ ವಿಳಾಸವನ್ನ ಬಿಲ್ಲಿಂಗ್ ಪ್ರೋಗ್ರಾಂನ ಲಿಸ್ಟ್‌ವ್ಯೂ ತನ್ನ ಮೆಮೊರಿಯ ವಿಳಾಸ ಅಂದುಕೊಂಡು ಅಲ್ಲಿ ಬರೆಯೋಕೆ ಹೋಯ್ತು. ಅಲ್ಲಿ ಮೆಮೊರಿ ಇಲ್ಲದಿದ್ದರೆ ಆಗಲೇ ಆಕ್ಸೆಸ್ ವಯೊಲೇಷನ್. ಇದ್ದರೆ ಇನ್ನೂ ಕಷ್ಟ: ಅದರ ಬೇರೆ ಯಾವುದೋ ಮಾಹಿತಿ ಅಳಿಸಿ, ಅರ್ಧ ಗಂಟೆ ಬಿಟ್ಟು ಸಂಬಂಧವಿಲ್ಲದ ಜಾಗದಲ್ಲಿ ಬೀಳತ್ತೆ. ನಮ್ಮ ಟೆಸ್ಟ್ ಯಾಕೆ ಪಾಸಾಯ್ತು ಅಂದ್ರೆ, ಅಲ್ಲಿ ಲಿಸ್ಟ್ ನಮ್ಮದೇ ಪ್ರೋಗ್ರಾಂ ಒಳಗಿತ್ತು.

ಹಳೇ ಕೋಡ್ ನೋಡಿಕೊಳ್ಳೋರಿಗೆ ಇನ್ನೊಂದು ಕಂತಿದೆ. ವಿಂಡೋಸ್ 95ರಲ್ಲಿ ಪ್ರೋಸೆಸ್‌ಗಳಿಗೆ ಬೇರೆ ಬೇರೆ ಮೆಮೊರಿ ಇದ್ದರೂ, 2 ಜಿಬಿಯಿಂದ 3 ಜಿಬಿವರೆಗಿನ ವಿಳಾಸಗಳ ಭಾಗ ಎಲ್ಲರಿಗೂ ಸಮಾನವಾಗಿ ಕಾಣ್ತಿತ್ತು. ಮೆಮೊರಿ ಮ್ಯಾಪ್ಡ್ ಫೈಲ್‌ಗಳು ಅಲ್ಲೇ ಕೂರ್ತಿದ್ದವು. ಆ ಕಾಲದ ಜಾಣರು ಅದರೊಳಗೆ ಬಫರ್ ಇಟ್ಟು ಬೇರೆಯವರ ಲಿಸ್ಟ್ ಓದಿಬಿಡ್ತಿದ್ದರು. ಎನ್‌ಟಿಯಲ್ಲಿ ಈ ಸೌಲಭ್ಯ ಇಲ್ಲ. 2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಬಂದು ಮನೆ ಬಳಕೆಯವರೂ ಎನ್‌ಟಿ ಬುಡದ ಮೇಲೆ ಬಂದಾಗ, ಐದಾರು ವರ್ಷ ಸರಿಯಾಗಿ ನಡೆದ ಅಂಥ ಕೋಡ್ ಮುರಿದುಬಿತ್ತು. ಕೋಡ್ ಬದಲಾಗಿರಲಿಲ್ಲ, ಕೆಳಗಿನ ನೆಲ ಬದಲಾಗಿತ್ತು.

ಸರಿಯಾದ ದಾರಿ, ಅದರ ಹಳ್ಳಗಳು

ಎನ್‌ಟಿ ಕಡೆಯ ದಾರಿ ಹೀಗೆ. ಓಪನ್‌ಪ್ರೋಸೆಸ್‌ನಿಂದ ಆ ಪ್ರೋಸೆಸ್‌ನ ಹ್ಯಾಂಡಲ್ ಪಡೆಯೋದು. ವರ್ಚುವಲ್‌ಅಲೊಕ್‌ಎಕ್ಸ್‌ನಿಂದ ಅದರ ಮೆಮೊರಿಯಲ್ಲೇ ಸ್ವಲ್ಪ ಜಾಗ ತಗೊಳ್ಳೋದು. ರೈಟ್‌ಪ್ರೋಸೆಸ್‌ಮೆಮೊರಿಯಿಂದ ನಮ್ಮ ಪ್ರಶ್ನೆಯ ಸ್ಟ್ರಕ್ಚರ್ ಅಲ್ಲಿ ಬರೆಯೋದು. ಆಮೇಲೆ ಸೆಂಡ್‌ಮೆಸೇಜ್. ಉತ್ತರವನ್ನ ರೀಡ್‌ಪ್ರೋಸೆಸ್‌ಮೆಮೊರಿಯಿಂದ ನಮ್ಮ ಕಡೆ ತರೋದು. ಕೊನೆಗೆ ವರ್ಚುವಲ್‌ಫ್ರೀಎಕ್ಸ್‌ನಿಂದ ಜಾಗ ವಾಪಸ್. ಈ ಕೊನೆಯದ್ದನ್ನ ಮರೆತರೆ ಲೀಕ್ ನಮ್ಮದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಉಬ್ಬೋದು ಅವರ ಪ್ರೋಸೆಸ್!

ಮೊದಲನೇ ಹಳ್ಳ, 64 ಬಿಟ್. ಲಿಸ್ಟ್‌ವ್ಯೂನ ಎಲ್‌ವಿಐಟೆಮ್ ಸ್ಟ್ರಕ್ಚರ್‌ನಲ್ಲಿ ಪಠ್ಯದ ಪಾಯಿಂಟರ್ 32 ಬಿಟ್‌ನಲ್ಲಿ 20ನೇ ಬೈಟ್‌ನಿಂದ ಶುರು, 64 ಬಿಟ್‌ನಲ್ಲಿ 24ರಿಂದ. 32 ಬಿಟ್ ಟೂಲ್ 64 ಬಿಟ್ ಪ್ರೋಗ್ರಾಂಗೆ ತನ್ನ ಲೆಕ್ಕದ ಸ್ಟ್ರಕ್ಚರ್ ಕೊಟ್ಟರೆ, 24ರಲ್ಲಿ ಇರೋದು ಬಫರ್‌ನ ಉದ್ದ. ನೀವು 256 ಅಂತ ಉದ್ದ ಬರೆದಿದ್ದರೆ, ಆ ಕಡೆಯವನು 256ನ್ನೇ ವಿಳಾಸ ಅಂತ ಓದ್ತಾನೆ. ಖಾಲಿ ಉತ್ತರ ಬರಬಹುದು, ಕ್ರ್ಯಾಶ್ ಆಗಬಹುದು. ವಿಂಡೋ ಹ್ಯಾಂಡಲ್‌ಗೆ ಮಾತ್ರ ಈ ತೊಂದರೆ ಇಲ್ಲ. ಅದರಲ್ಲಿ ಉಪಯೋಗಕ್ಕೆ ಬರೋದು 32 ಬಿಟ್ ಅಷ್ಟೇ, ಎರಡೂ ಕಡೆ ನಡೆಯತ್ತೆ.

ಎರಡನೇದು, ಗೆಟ್‌ವಿಂಡೋಟೆಕ್ಸ್ಟ್. ಬೇರೆ ಪ್ರೋಸೆಸ್‌ನ ಎಡಿಟ್ ಬಾಕ್ಸ್ ಮೇಲೆ ಇದನ್ನ ಕರೆದರೆ ಒಳಗಿನ ಪಠ್ಯ ಬರಲ್ಲ, ಡಬ್ಲ್ಯೂಎಂ ಗೆಟ್‌ಟೆಕ್ಸ್ಟ್ ಕಳಿಸಿದರೆ ಬರತ್ತೆ. ಇದು ಬಗ್ ಅಲ್ಲ. ಆ ಪ್ರೋಗ್ರಾಂ ಹ್ಯಾಂಗ್ ಆಗಿದ್ದರೆ ನಿಮ್ಮದೂ ಕಾಯ್ತಾ ನಿಲ್ಲಬಾರದು ಅಂತ ಗೆಟ್‌ವಿಂಡೋಟೆಕ್ಸ್ಟ್ ಆ ಪ್ರೋಸೆಸ್‌ನ ಕೇಳೋದೇ ಇಲ್ಲ, ಸಿಸ್ಟಂ ಹತ್ರ ಇರೋ ಶೀರ್ಷಿಕೆ ಅಷ್ಟೇ ಕೊಡತ್ತೆ. ಡಬ್ಲ್ಯೂಎಂ ಗೆಟ್‌ಟೆಕ್ಸ್ಟ್ ಕಳಿಸೋದಾದರೆ ಸೆಂಡ್‌ಮೆಸೇಜ್‌ಟೈಮ್‌ಔಟ್ ಬಳಸಿ.

ಮೂರನೇದು ನಮ್ಮ ಭಾಷೆಯದ್ದು. ತುಂಗಾ ಫಾಂಟ್ ಜೊತೆ ಕನ್ನಡ ವಿಂಡೋಸ್‌ಗೆ ಬಂದದ್ದು ಎಕ್ಸ್‌ಪಿಯಲ್ಲಿ, ಅದೂ ಯೂನಿಕೋಡ್ ಆಗಿ ಮಾತ್ರ. ಕನ್ನಡಕ್ಕೆ ಹಳೇ ಆನ್ಸಿ ಕೋಡ್‌ಪೇಜ್ ಅನ್ನೋದೇ ಇಲ್ಲ. ನಿಮ್ಮ ಟೂಲ್ ಆನ್ಸಿ ಆವೃತ್ತಿಯ ಫಂಕ್ಷನ್ ಕರೆದರೆ, ಕಂಟ್ರೋಲ್‌ನಲ್ಲಿ "ಮಂಜುನಾಥ" ಅಂತ ಇದ್ದರೂ ನಿಮಗೆ ಸಿಗೋದು ಪ್ರಶ್ನೆ ಚಿಹ್ನೆಗಳ ಸಾಲು. ಡೇಟಾ ಹಾಳಾಗಿದೆ ಅಂತ ಗಾಬರಿ ಬೇಡ, ಅದು ಅಲ್ಲೇ ಇದೆ. ಕೇಳಿದ ರೀತಿ ತಪ್ಪು.

ಬಾಗಿಲಿಗೆ ಬೀಗ ಬಿದ್ದದ್ದು

2002ರಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೀತು, ಶ್ಯಾಟರ್ ಅಟ್ಯಾಕ್. ಹೆಚ್ಚು ಅಧಿಕಾರ ಇರೋ ಪ್ರೋಗ್ರಾಂನ ಎಡಿಟ್ ಬಾಕ್ಸ್‌ಗೆ ಕೆಟ್ಟ ಕೋಡ್ ಪೇಸ್ಟ್ ಮಾಡಿ, ಟೈಮರ್ ಮೆಸೇಜ್ ಮೂಲಕ "ಈ ವಿಳಾಸದಲ್ಲಿರೋದನ್ನ ನಡೆಸು" ಅಂತ ಹೇಳಿಸಬಹುದು ಅಂತ ತೋರಿಸಿದರು. ಮೆಸೇಜ್ ಕಳಿಸಿದ್ದು ಯಾರು ಅಂತ ಯಾರೂ ಕೇಳ್ತಿರಲಿಲ್ಲ. ಮೆಮೊರಿಗೆ ಗೋಡೆ ಕಟ್ಟಿದ್ದರೂ ಮೆಸೇಜ್ ಬರೋ ಕಿಟಕಿ ತೆರೆದೇ ಇತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಟೈಮರ್ ಮೆಸೇಜ್‌ಗೆ ಪ್ಯಾಚ್ ಬಂತು. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ಇನ್ನೂ ಮುಂದೆ ಹೋಗಿ, ಕಡಿಮೆ ಅಧಿಕಾರದ ಪ್ರೋಸೆಸ್ ಹೆಚ್ಚಿನದಕ್ಕೆ ಕಳಿಸೋ ಬಹುತೇಕ ಮೆಸೇಜ್‌ಗಳನ್ನೇ ತಡೆಯೋಕೆ ಶುರು ಮಾಡ್ತು. ಈಗಲೂ ನಿಮ್ಮ ಸೆಂಡ್‌ಮೆಸೇಜ್ ಸೊನ್ನೆ ಕೊಟ್ಟು ಎರರ್ ನಂಬರ್ 5 ಬಂದರೆ, ಆ ಪ್ರೋಗ್ರಾಂ ಅಡ್ಮಿನ್ ಆಗಿ ನಡೀತಿದೆಯಾ ಅಂತ ಮೊದಲು ನೋಡಿ.

ಯಾರಿಗೆ ಬೇಕು ಇದೆಲ್ಲಾ?

ಬೇರೆ ಪ್ರೋಗ್ರಾಂ ಒಳಗೆ ಇಣುಕೋದೇ ತಪ್ಪು ಅಂತಲ್ಲ. ದೃಷ್ಟಿ ಇಲ್ಲದವರಿಗೆ ತೆರೆ ಓದಿ ಹೇಳೋ ಎನ್‌ವಿಡಿಎ ಅನ್ನೋ ಉಚಿತ ತಂತ್ರಾಂಶವನ್ನ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದವರು ಮೈಕೆಲ್ ಕರನ್, ಸ್ವತಃ ದೃಷ್ಟಿ ಇಲ್ಲದವರು. ಅದರ ಓದುವ ದನಿಗಳಲ್ಲಿ ಕನ್ನಡವೂ ಇದೆ. ಲಿಸ್ಟ್‌ವ್ಯೂ ಓದೋಕೆ ಅದರ ಕೋಡ್‌ನಲ್ಲೂ ನಾನು ಮೇಲೆ ಹೇಳಿದ ದಾರಿಯನ್ನೇ ಬಳಸಿದ್ದಾರೆ, 32 ಮತ್ತು 64 ಬಿಟ್ ಸ್ಟ್ರಕ್ಚರ್‌ಗಳನ್ನ ಬೇರೆ ಬೇರೆ ಇಟ್ಟು. ಅಲ್ಲೊಂದು ತಪ್ಪಾದರೆ ಒಬ್ಬರ ಕೆಲಸ, ಓದು ಎರಡೂ ನಿಲ್ಲತ್ತೆ. 1997ರ ಆಕ್ಟಿವ್ ಆಕ್ಸೆಸಿಬಿಲಿಟಿ, ಆಮೇಲೆ ವಿಸ್ತಾ ಕಾಲದ ಯುಐ ಆಟೋಮೇಷನ್ ಹುಟ್ಟಿದ್ದು ಈ ಅಗತ್ಯದಿಂದಲೇ. ಅವುಗಳ ತತ್ವ ಸರಳ: ಬೇರೆಯವರ ಅಡುಗೆಮನೆಗೆ ನುಗ್ಗಿ ಡಬ್ಬ ತೆಗೆಯಬೇಡಿ, ಬಾಗಿಲಲ್ಲಿ ನಿಂತು ಕೇಳಿ, ಅವರೇ ಕೊಡ್ತಾರೆ. ಹೊಸದಾಗಿ ಬರೆಯೋದಾದರೆ ಅಲ್ಲಿಂದಲೇ ಶುರು ಮಾಡಿ.

ನಮ್ಮ ಗೋದಾಮಿನ ಕಥೆಗೆ ವಾಪಸ್. ಹುಡುಗ ಎರಡು ದಿನದಲ್ಲಿ ಕೋಡ್ ತಿದ್ದಿದ. ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು: "ತಪ್ಪು ನಮ್ಮದು, ಬಿಲ್ಲಿಂಗ್ ಪ್ರೋಗ್ರಾಂದಲ್ಲ" ಅಂತ ಮತ್ತೊಂದು ಮೇಲ್ ಹಾಕೋದು. ಅದನ್ನೂ ಅವನೇ ಹಾಕಿದ. ಆ ಕಡೆ ಅಷ್ಟು ದಿನ ಬೈಸಿಕೊಂಡು ಕೂತಿದ್ದ ಡೆವಲಪರ್‌ನಿಂದ ಒಂದೇ ಸಾಲಿನ ಥ್ಯಾಂಕ್ಸ್ ಬಂತು.

ನಾಳೆ ನಿಮ್ಮ ಆಫೀಸಲ್ಲಿ ಯಾವುದೋ ಹಳೇ ಪ್ರೋಗ್ರಾಂ ಬಿದ್ದು, ಲಾಗ್‌ನಲ್ಲಿ ಕಾಮನ್ ಕಂಟ್ರೋಲ್ಸ್ ಡಿಎಲ್‌ಎಲ್ ಹೆಸರು ಕಂಡರೆ, ಅದನ್ನ ಬರೆದವರನ್ನ ಬೈಯೋ ಮುಂಚೆ ಒಂದು ವಿಷಯ ಕೇಳಿ: ಆ ಮೆಷಿನ್‌ನಲ್ಲಿ ಇದರ ಲಿಸ್ಟ್‌ಗೆ ಕೈ ಹಾಕ್ತಿರೋದು ಇನ್ಯಾರು? ಲಾಗ್‌ನಲ್ಲಿ ಬರೋದು ಬಿದ್ದವನ ಹೆಸರು, ತಳ್ಳಿದವನ ಹೆಸರಲ್ಲ.

ನಿಮಗೂ ಇಂಥ ಅನುಭವ ಆಗಿದ್ದರೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.