ಹಿತ್ತಲ ಗೂಡಿನ ಅಡ್ಡಗಳ

ಕೋಳಿಗೂಡಿಗಿಂತ ಅದರೊಳಗಿನ ಅಡ್ಡಗಳಕ್ಕೆ ವಯಸ್ಸು ಹೆಚ್ಚು. ಗೋಡೆ, ಮಾಡು, ಬಾಗಿಲು ಇವೆಲ್ಲ ಮನುಷ್ಯ ಆಮೇಲೆ ಸೇರಿಸಿದ್ದು. ಕತ್ತಲಾಗುತ್ತಲೇ ನೆಲ ಬಿಟ್ಟು ಮೇಲೇರುವ ಅಭ್ಯಾಸವನ್ನು ಮಾತ್ರ ಕೋಳಿ ಕಾಡಿನಿಂದ ತನ್ನ ಜೊತೆಗೇ ತಂದಿತು. ಕುಮಟಾ ತಾಲೂಕಿನ ಹಿರೇಗುತ್ತಿಯ ಆಸುಪಾಸಿನಲ್ಲಿ ಆ ಕಾಡೂ ದೂರವಿಲ್ಲ, ಹಿತ್ತಲೂ ದೂರವಿಲ್ಲ. ಒಂದು ಕಡೆ ಉಪ್ಪುನೀರು ಏರಿ ಇಳಿಯುವ ಗಜನಿ ಗದ್ದೆ, ಇನ್ನೊಂದು ಕಡೆ ಬೆಟ್ಟ. ಬೆಳಗಿನ ಜಾವ ಬೆಟ್ಟದಲ್ಲಿ ಕಾಡುಕೋಳಿ ಕೂಗಿದರೆ ಹಿತ್ತಲ ಹುಂಜ ಸುಮ್ಮನಿರುವುದಿಲ್ಲ.

ಬೆಟ್ಟದ ಆ ಕಾಡುಕೋಳಿ ಬೂದು ಬಣ್ಣದ್ದು, ಪಶ್ಚಿಮ ಘಟ್ಟದ ಸ್ವಂತ ಹಕ್ಕಿ. ನಾಟಿ ಕೋಳಿಯ ಮೂಲ ಬೇರೆ. ಅದು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯ ಸಂತಾನ. ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬಲ್ಲಿ ಸಿಕ್ಕ ಎಲುಬುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಕೋಳಿ ಮನುಷ್ಯನ ಬಳಿ ಬಂದು ಸುಮಾರು 3,500 ವರ್ಷವಾಯಿತೆಂದು 2022ರಲ್ಲಿ ತಿಳಿಸಿದರು. ಅದನ್ನು ಕಾಡಿನಿಂದ ಹೊರಗೆ ಸೆಳೆದದ್ದು ಭತ್ತ ಎಂಬುದು ಅವರ ಅಭಿಪ್ರಾಯ. ಹಾಗಿದ್ದರೂ ಘಟ್ಟದ ಹಕ್ಕಿಯ ಗುರುತು ನಮ್ಮ ಕೋಳಿಯ ಮೈಮೇಲಿದೆ. ಸಾಕು ಕೋಳಿಯ ಹಳದಿ ಚರ್ಮ, ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಸಂಶೋಧಕರ ತಂಡ ತೋರಿಸಿಕೊಟ್ಟಿತು. ಸಂಜೆ ಗಳವನ್ನು ಅಪ್ಪಿ ಹಿಡಿಯುವ ಆ ಹಳದಿ ಬೆರಳುಗಳಲ್ಲಿ ಎರಡು ಕಾಡುಗಳ ಪಾಲಿದೆ.

ಮುಸ್ಸಂಜೆಯ ಗೂಡನ್ನು ಹತ್ತಿರದಿಂದ ನೋಡಬೇಕು. ಮಬ್ಬಿನಲ್ಲಿ ಕೋಳಿಯ ಕಣ್ಣು ಮಂದ, ಹಾಗಾಗಿ ಬೆಳಕು ಇರುವಾಗಲೇ ಅದಕ್ಕೆ ಗಡಿಬಿಡಿ. ಹೇಂಟೆ ಕತ್ತು ಚಾಚಿ ಗಳದ ಎತ್ತರ ಅಳೆಯುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಅಳೆದು ಹಾರುತ್ತದೆ. ಹಾರಿ ಕೂತ ಮೇಲೂ ಎರಡು ಸಲ ಜಾಗ ಬದಲಿಸಿ, ಮೊಣಕಾಲು ಮಡಚಿ, ಎದೆಯ ಗರಿಯನ್ನು ಬೆರಳ ಮೇಲೆ ಇಳಿಬಿಡುತ್ತದೆ. ಮೇಲಿನ ಜಾಗ ಯಾರಿಗೆ ಎಂಬ ಜಗಳ ಪ್ರತಿದಿನದ್ದು. ಗುಂಪಿನ ದೊಡ್ಡವರು ಮೇಲೆ, ಚಿಕ್ಕವರು ಕೆಳಗೆ ಅಥವಾ ತುದಿಯಲ್ಲಿ. ಯಾರು ಯಾರನ್ನು ಕುಕ್ಕಬಹುದು ಎಂಬ ಈ ಸರದಿಯನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ಬರೆದಿಟ್ಟವನು ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್ ಎಬ್ಬೆ, 1921ರ ಹೊತ್ತಿಗೆ. ಕೋಳಿ ಸಾಕಿದ ಮನೆಯ ಹೆಂಗಸರಿಗೆ ಮಾತ್ರ ಇದು ದಿನನಿತ್ಯದ ಸಂಗತಿ. ಹೊಸ ಹೇಂಟೆ ತಂದರೆ ಹಗಲು ಬಿಡದೆ, ಕತ್ತಲಾದ ಮೇಲೆ ಮೆಲ್ಲಗೆ ಗಳದ ಮೇಲೆ ಉಳಿದವುಗಳ ನಡುವೆ ಕೂರಿಸುವ ಉಪಾಯ ಅವರದು.

ಈ ಕರಾವಳಿಯ ಕೋಳಿ ಚರಿತ್ರೆಯ ಪುಟಗಳಲ್ಲಿ ಆಗೀಗ ಕಾಣಿಸುತ್ತದೆ. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಸಾವಕಾಶವಾಗಿ ವರ್ಣಿಸಿದ್ದಾನೆ. ಅನ್ನ, ತುಪ್ಪ, ಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಅನ್ನದ ಜೊತೆ ಬೇಯಿಸಿದ ಕೋಳಿ. ಅದು ಮುಗಿದರೆ ಇನ್ನೊಂದು ಬಗೆಯ ಕೋಳಿ. ಕೊನೆಗೆ ಮೀನು, ತರಕಾರಿ, ಮೊಸರು. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ ದೊಮಿಂಗೊ ಪಾಯಸ್ ಭಟ್ಕಳದಿಂದ ಸರಕು ಹೊತ್ತು ಹೋಗುವ ಸಾವಿರಾರು ಎತ್ತುಗಳ ಬಗ್ಗೆ ಬರೆದ. ರಾಜಧಾನಿಯಲ್ಲಿ ಒಂದು ಸಣ್ಣ ನಾಣ್ಯಕ್ಕೆ ಮೂರು ಕೋಳಿ, ಊರಾಚೆ ಅದೇ ನಾಣ್ಯಕ್ಕೆ ನಾಲ್ಕು ಎಂಬ ಧಾರಣೆಯನ್ನೂ ದಾಖಲಿಸಿದ. ತಟ್ಟೆಗೆ ಬಂದ ಕೋಳಿಯನ್ನೂ ಪೇಟೆಗೆ ಬಂದ ಕೋಳಿಯನ್ನೂ ಬರೆದವರಿದ್ದಾರೆ. ಅದು ರಾತ್ರಿ ಎಲ್ಲಿ ಮಲಗಿತು ಎಂಬುದು ಹಿತ್ತಲ ಬಾಗಿಲಿನಾಚೆಯ ಕೆಲಸ, ಬರಹಕ್ಕೆ ಇಳಿಯಲಿಲ್ಲ.

ಅದನ್ನು ಬರೆದಿಟ್ಟ ಒಬ್ಬನಿದ್ದಾನೆ, ಆದರೆ ರೋಮಿನಲ್ಲಿ. ಒಂದನೇ ಶತಮಾನದ ಕೊಲುಮೆಲ್ಲಾ ತನ್ನ ಬೇಸಾಯದ ಗ್ರಂಥದ ಎಂಟನೇ ಭಾಗದಲ್ಲಿ ಕೋಳಿಮನೆ ಅಡುಗೆಮನೆಯ ಒಲೆಗೆ ಹತ್ತಿರವಿರಲಿ, ಹೊಗೆ ತಾಗಿದರೆ ಕೋಳಿಗೆ ಒಳ್ಳೆಯದು ಎನ್ನುತ್ತಾನೆ. ಕೂರುವ ಕೋಲನ್ನು ಚೌಕಾಗಿ ಕೆತ್ತಿರಬೇಕು, ದುಂಡಗೆ ನುಣುಪಾಗಿದ್ದರೆ ಹಕ್ಕಿಗೆ ಹಿಡಿತ ಸಿಗದು ಎಂದೂ ಹೇಳುತ್ತಾನೆ. ಅವನ ಮಾತು ನಮ್ಮ ಕರಾವಳಿಗೆ ಚೆನ್ನಾಗಿ ಹೊಂದುತ್ತದೆ.

ಇಲ್ಲಿನ ಹಳೆಯ ಗೂಡುಗಳನ್ನು ರೂಪಿಸಿದ್ದು ಮಳೆ ಮತ್ತು ನರಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ನೆಲಕ್ಕೆ ತಾಗಿ ಮಲಗಿದ ಕೋಳಿ ಆಷಾಢ ದಾಟುವುದು ಕಷ್ಟ. ಕೆಲವರು ಜಗಲಿಯ ಬುಡದಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಕೆಂಪುಕಲ್ಲಿನ ಪುಟ್ಟ ಕೋಣೆ ಕಟ್ಟಿ ಹಲಗೆಯ ಬಾಗಿಲಿಟ್ಟರು. ಕೆಲವರು ನಾಲ್ಕು ಕಂಬದ ಮೇಲೆ ಮರದ ಪೆಟ್ಟಿಗೆ ಏರಿಸಿ, ಮಡಲಿನಿಂದ ಹೊದಿಸಿದರು. ಅದೂ ಇಲ್ಲದವರ ಕೋಳಿಗೆ ಕೊಟ್ಟಿಗೆಯ ತೊಲೆಯೇ ಮಂಚ, ಬೇಸಗೆಯಲ್ಲಿ ಹಲಸಿನ ಕೊಂಬೆ. ಮರಿ ಇರುವ ತಾಯಿಗೆ ಮಾತ್ರ ಬುಟ್ಟಿ ಕವಚಿ ಮೇಲೆ ಕಲ್ಲು ಹೇರುವುದು. ಅದು ಗಳ ಏರದೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ನೆಲದಲ್ಲೇ ರಾತ್ರಿ ಕಳೆಯುತ್ತದೆ.

ಗೂಡು ಯಾವುದೇ ಇರಲಿ, ಒಳಗೆ ಅಡ್ಡಕ್ಕೆ ಒಂದು ಬಿದಿರ ಗಳವೋ ಅಡಿಕೆ ದಬ್ಬೆಯೋ ಇರುತ್ತಿತ್ತು. ದಬ್ಬೆಗೆ ಅಗಲದ ಮೈ ಇರುವುದರಿಂದ ಕೋಳಿಗೆ ಕಾಲೂರಲು ಹಾಯಿ. ಬಿದಿರು ಸುಲಭಕ್ಕೆ ಸಿಗುತ್ತದೆ, ಆದರೆ ನುಣುಪು. ಮೇಲಾಗಿ ಅದರ ಟೊಳ್ಳು ಮತ್ತು ಸೀಳಿನಲ್ಲಿ ನುಸಿ ಸೇರಿಕೊಳ್ಳುತ್ತದೆ. ರಕ್ತ ಹೀರುವ ಕೆಂಪು ನುಸಿಯಂತೂ ಹಗಲೆಲ್ಲ ಗಳದ ಸಂದಿಯಲ್ಲಿ ಅಡಗಿ, ರಾತ್ರಿ ಹೊರಬಂದು ಕೂತ ಕೋಳಿಯನ್ನು ಹತ್ತುತ್ತದೆ. ಗಳವನ್ನು ಆಗಾಗ ಹೊರಗೆಳೆದು ಬಿಸಿಲಿಗೆ ಹಾಕುವುದು, ಗೂಡಿನೊಳಗೆ ಹೊಗೆ ಹಾಕುವುದು, ಬೂದಿ ಚೆಲ್ಲುವುದು, ಸುಣ್ಣ ಬಳಿಯುವುದು ಇದಕ್ಕಾಗಿಯೇ. ಅಘನಾಶಿನಿ ಹೊಳೆಯ ಅಳಿವೆಯ ಬಳಚಿನ ಚಿಪ್ಪು ಈ ಸೀಮೆಯ ಸುಣ್ಣಕ್ಕೂ ಮೂಲ, ಕುಟ್ಟಿ ಹಾಕಿದರೆ ಮೊಟ್ಟೆಯ ತೊಗಟೆಗೂ ಬಲ. ಗದ್ದೆಯ ಕಗ್ಗ ಭತ್ತದ ಜಳ್ಳು, ಹೊಳೆಯ ಚಿಪ್ಪು, ಒಲೆಯ ಬೂದಿ: ಕೋಳಿಸಾಕಣೆಯ ಖರ್ಚು ಊರಿನ ಗಡಿ ದಾಟುತ್ತಿರಲಿಲ್ಲ. ರಾತ್ರಿ ಗಳದ ಕೆಳಗೆ ಬಿದ್ದ ಹಿಕ್ಕೆ ಮೊದಲು ತಿಪ್ಪೆಗೆ, ಕೊಳೆತ ಮೇಲೆ ಬಸಳೆಯ ಬುಡಕ್ಕೋ ತೆಂಗಿನ ಬುಡಕ್ಕೋ.

ಗಳ ಮರೆತದ್ದು ಇತ್ತೀಚೆಗೆ. ಫಾರಂ ಕೋಳಿ ಬಂದಾಗ ಉಮಿ ಹಾಸಿದ ನೆಲವೇ ಅದಕ್ಕೆ ಹಾಸಿಗೆಯಾಯಿತು. ಆರು ವಾರಕ್ಕೇ ಕೊಯ್ಯುವ ಭಾರದ ಹಕ್ಕಿಗೆ ಹಾರುವ ಶಕ್ತಿಯೂ ಕಡಿಮೆ. ಮೊಟ್ಟೆ ಕೋಳಿ ತಂತಿಯ ಪಂಜರ ಸೇರಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ತಳಿ ಹಿತ್ತಲ ಸಾಕಣೆಗೆ ಮತ್ತೆ ಜೀವ ಕೊಟ್ಟದ್ದು ನಿಜ. ಆದರೆ ನಾಟಿಗಿಂತ ಅದರ ತೂಕ ಬಹಳ ಹೆಚ್ಚು. ಎತ್ತರದಿಂದ ಧುಮುಕಿದರೆ ಅಂಗಾಲು ಬಾತು ಕೀವಾಗುತ್ತದೆ. ತಂದವರಲ್ಲಿ ಹಲವರು ಇದನ್ನು ಕಂಡು ಗಳವನ್ನೇ ತೆಗೆದುಹಾಕಿದರು. ಗಳವನ್ನು ಒಂದೂವರೆ ಅಡಿಗೆ ಇಳಿಸಿದ್ದರೆ ಸಾಕಿತ್ತು.

ಕೈಬಿಟ್ಟದ್ದನ್ನು ಯುರೋಪು ಕಾನೂನಿನ ಮೂಲಕ ಮರಳಿ ತಂದಿತು. 1999ರ ನಿರ್ದೇಶನ ಪ್ರತಿ ಮೊಟ್ಟೆ ಕೋಳಿಗೆ ಕನಿಷ್ಠ 15 ಸೆಂಟಿಮೀಟರ್ ಅಡ್ಡಗಳ ಕಡ್ಡಾಯ ಮಾಡಿತು. 2012ರ ಜನವರಿ 1ರಿಂದ ಹಳೆಯ ಬರಿ ತಂತಿಯ ಪಂಜರಗಳಿಗೆ ಅಲ್ಲಿ ಅವಕಾಶವಿಲ್ಲ. ಹಿತ್ತಲಲ್ಲಿ ಕೋಳಿ ಕಂಡವರಿಗೆ ಈ ಅಳತೆಯೂ ಕಿರಿದೇ. ಕೋಳಿಯೊಂದಕ್ಕೆ ಒಂದು ಗೇಣು ಬೇಕು.

ಈಗ ಹೆದ್ದಾರಿ ಪಕ್ಕದ ಪೇಟೆಗಳಲ್ಲಿ ಕಬ್ಬಿಣದ ಜಾಲರಿಯ ಸಿದ್ಧ ಗೂಡು ಸಿಗುತ್ತದೆ. ನಾಟಿ ಮೊಟ್ಟೆಗೆ ಬೇಡಿಕೆ ಬಂದ ಮೇಲೆ ಕೊಳ್ಳುವವರೂ ಹೆಚ್ಚಿದ್ದಾರೆ. ಅಂಥ ಗೂಡು ತಂದವರು ಕೋಳಿ ಬಿಡುವ ಮೊದಲು ಒಳಗೊಂದು ಗಳ ಕಟ್ಟಲಿ. ಎರಡು ಇಂಚು ಅಗಲದ, ಅಂಚು ಸವರಿದ ಮರದ ಪಟ್ಟಿ ಸಾಕು. ಪ್ಲಾಸ್ಟಿಕ್ ಪೈಪು ಜಾರುತ್ತದೆ, ಬೇಡ. ಗೋಡೆಯಿಂದ ಒಂದು ಗೇಣು ದೂರವಿರಲಿ. ಮೊಟ್ಟೆಯಿಡುವ ಬುಟ್ಟಿಗಿಂತ ಎತ್ತರವಿರಲಿ, ಇಲ್ಲದಿದ್ದರೆ ಕೋಳಿ ಬುಟ್ಟಿಯಲ್ಲೇ ಮಲಗಿ ಮೊಟ್ಟೆ ಗಲೀಜಾಗುತ್ತದೆ. ಎರಡು ಗಳ ಹಾಕುವುದಾದರೆ ಒಂದರ ನೇರ ಕೆಳಗೆ ಇನ್ನೊಂದು ಬೇಡ. ಮೊಳೆ ಹೊಡೆದು ಬಿಗಿಯದೆ, ತೆಗೆದು ಬಿಸಿಲಿಗೆ ಒಣಗಿಸಲು ಬರುವ ಹಾಗೆ ಕೂರಿಸಿ.